ಹರಿಗೋಲು ಹಿಡಿಯಲು ಮುಂದೆ ಹೋಗಿದ್ದೇನೆ

ಹಾಲಮ್ಮ,

ಎದ್ದೊಡನೆ ನನ್ನ ಹಾಸಿಗೆ ಬರಿದಾಗಿರುವುದನ್ನು ಕಂಡು, ಮತ್ತೆ ಊರು ಬಿಟ್ಟನೆಂದು ತಿಳಿಯಬೇಡ. ಮೊದಲ ಬಸ್ಸಿಗೆ ಹರಿಹರಕ್ಕೆ ಹೊರಟಿದ್ದೇನೆ. ಹೊತ್ತೇರಿದರೆ ಮದುವೆಯ ದಿಬ್ಬಣದವರು ಅಂಬಿಗನ ಹರಿಗೋಲನ್ನು ಹಿಡಿದುಬಿಡುತ್ತಾರೆ. ಆಮೇಲೆ ನಾವು ಹೊಳೆಯ ನಡುಗಡ್ಡೆಯನ್ನು ದಡದಿಂದಲೇ ನೋಡಿ ಮರಳಬೇಕಾಗುತ್ತದೆ.

ಅವ್ವನನ್ನೂ ಮಕ್ಕಳನ್ನೂ ಕರೆದುಕೊಂಡು ಎಂಟರ ಬಸ್ಸಿಗೆ ಬಾ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ ಸಾಕು. ಮಂಡಕ್ಕಿ ಮರೆತರೆ ಮಾತ್ರ ಮಕ್ಕಳು ನಿನ್ನನ್ನು ಬಿಡುವುದಿಲ್ಲ. ಹರಿಗೋಲಿನಲ್ಲಿ ನಾನೇ ಕೈ ಹಿಡಿದು ಕೂರಿಸುತ್ತೇನೆಂದು ಅವ್ವನಿಗೆ ಹೇಳು. "ಬೀಡಿ ತರ್ತೀನಂತ ಹೋಗಿ ಮೂರು ತಿಂಗ್ಳಿಗೆ ಬಂದೋನು, ಇವ್ನ ಮಾತು ನಂಬಿ ಹೊಳಿಗೆ ಹೋಗ್ಬೇಕೇನೆ?" ಎಂದು ಅವಳು ಕೇಳದಿರಲಾರಳು. ಕೇಳಲಿ, ಅದು ನ್ಯಾಯವೇ.

ಆದರೆ ಆ ನಡುಗಡ್ಡೆಯ ಬಿಳಿ ಮರಳನ್ನು ನಾನು ಎಷ್ಟೋ ಬೇಸಗೆಗಳಲ್ಲಿ ಒಬ್ಬನೇ ತುಳಿದಿದ್ದೇನೆ. ಅಲ್ಲಿ ಕುಳಿತಾಗಲೆಲ್ಲ ನೀವು ಪಕ್ಕದಲ್ಲಿಲ್ಲವೆಂಬುದು ನನ್ನನ್ನು ಕಾಡಿದೆ.

ಬಾಗಿಲ ಹಿಂದಿನ ಗೂಟದಲ್ಲಿ ನಾನು ಊರೂರು ತಿರುಗುವಾಗ ಒಯ್ಯುವ ಚೀಲವಿದೆ. ಅದರೊಳಗಿನ ನನ್ನ ಬಟ್ಟೆಗಳನ್ನು ತೆಗೆದು ನಿನ್ನ ಪೆಟ್ಟಿಗೆಯಲ್ಲಿ ಇಟ್ಟುಬಿಡು. ಬುತ್ತಿಯನ್ನು ಆ ಚೀಲದಲ್ಲೇ ತಾ.

ಬಸವಂತಪ್ಪ