ಅಗರು ಮಣಿಯ ಕೈಸರ

ಏನ್ರೀ, ನೀವು ಸತ್ತ ಮೇಲೂ ನಾನೇ ಮೊದಲು ಕಾಗದ ಬರೆಯಬೇಕೇ? ಹಿತ್ತಲಿನ ಅಗರು ಮರ ಕಡಿಸಿದೆ. "ಹುಳು ಕೊರೆದ್ರೇನೇ ತಿರುಳು ಕಪ್ಪಾಗಿ ಪರಿಮಳ ಕಟ್ಟೋದು, ಆಮೇಲೆ ನಿನಗೇ ಕೈಸರ" ಎಂದು ಕಾಯಿಸಿ ಕಾಯಿಸಿ ನೀವು ಹೊರಟೇಹೋದಿರಿ. ಹುಳು ಮಾತ್ರ ಮಾತು ಉಳಿಸಿಕೊಂಡಿತು. ಆ ತಿರುಳಿನ ಕಪ್ಪು ಮಣಿಗಳ ನಡುವೆ ಕೆಂಪು ಹರಳು ಪೋಣಿಸಿ ನಾನೇ ಹಾಕಿಕೊಂಡೆ.

ಇವತ್ತು ನಾಮಘರದ ಕೀರ್ತನೆಯಲ್ಲಿ, ಎಲ್ಲರೆದುರು, ನಿಮ್ಮ ಅಕ್ಕ ರೂಪೇಶ್ವರಿ ನನ್ನ ಕೈ ಹಿಡಿದೆಳೆದಳು. "ಗಂಡ ಸತ್ತವಳಿಗೆ ಕೆಂಪು ಹರಳೇನೇ? ಬಿಚ್ಚು!"

"ಮರ ನೆಟ್ಟಿದ್ದು ನಿಮ್ಮ ತಮ್ಮ, ಹಾಕ್ಕೊಂಡಿರೋದು ನಾನು. ನಡುವೆ ನೀವ್ಯಾಕೆ ಪೋಣಿಸ್ಕೋತೀರಿ?" ಎಂದೆ. ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು.

ತಾನೇ ಬಿಚ್ಚಲು ಬಗ್ಗಿದ ಅಕ್ಕನ ಮೂಗಿಗೆ ಪರಿಮಳ ಹತ್ತಿತು. "ಅಗರು ಕೆತ್ತಿ ಬಂದ ತಮ್ಮನ ಅಂಗಿ ವಾಸನೆ ಕಣೇ" ಎಂದವಳು ಪ್ರಸಾದ ಹಂಚುವವರೆಗೂ ನನ್ನ ಕೈ ಬಿಡಲಿಲ್ಲ.

ನಾನಂತೂ ಬಿಚ್ಚುವುದಿಲ್ಲ. ಬೇಡವೆನ್ನುವುದಾದರೆ ಮುಂದಿನ ತಿಂಗಳೊಳಗೆ ನೀವೇ ಉತ್ತರ ಬರೆಯಿರಿ.