ಹೊಸ್ತಿಲಲ್ಲಿ ಕೊಡವಿದ ಚೀಲ

ಮೋರಟಗಿ, ಸಿಂದಗಿ ತಾಲ್ಲೂಕು
ಭಾನುವಾರ

ಅಮ್ಮಾ,

ಫೋನಿನಲ್ಲಿ ಹೇಳಿದರೆ ನೀನು ಮಾತು ಮರೆಸುತ್ತೀಯ, ಅದಕ್ಕೇ ಈ ಕಾರ್ಡು. "ಆ ಕಡೆಯವರನ್ನು ನಂಬಬೇಡ, ಪೆಟ್ಟಿಗೆಗೆ ಬೀಗ ಹಾಕು" ಎಂದು ಹೇಳಿ ನನ್ನನ್ನು ಬಸ್ಸು ಹತ್ತಿಸಿದೆಯಲ್ಲ. ಇಲ್ಲಿ ನನಗೆ ಅಡುಗೆ ಮಾಡಿಕೊಡಲು ಬರುವ ಕಸ್ತೂರೆವ್ವನವರು ದಿನವೂ ಹೊರಡುವ ಮುಂಚೆ ಹೊಸ್ತಿಲಲ್ಲಿ ನಿಂತು, ತಮ್ಮ ಕೈಚೀಲವನ್ನು ನನ್ನೆದುರು ಬೋರಲು ಹಾಕಿ ಕೊಡವುತ್ತಾರೆ. ಎಲೆಯಡಿಕೆ ಸಂಚಿ, ಮನೆಯ ಬೀಗದ ಕೈ, ಅಷ್ಟೇ ಬೀಳುವುದು. ಈ ಊರಿನ ಪದ್ಧತಿಯಿರಬೇಕು ಎಂದುಕೊಂಡಿದ್ದೆ. ನಿನ್ನೆ ಕೇಳಿಯೇಬಿಟ್ಟೆ.

"ನಮ್ಮ ಕಡಿ ಹಿಂಗ ಯಾರೂ ಮಾಡಂಗಿಲ್ರಿ ಟೀಚರ್ರ. ಇದು ನಿಮ್ಮ ಕಡಿ ಪದ್ಧತಿ ಅಲ್ರಿ? ಅಲ್ಲಿ ಕಾಫಿ ಹಣ್ಣು ಬಿಡಸಾಕ ಬಂದಾಗ ದಿನಾ ಸಂಜಿಕ ಗೇಟಿನ್ಯಾಗ ಚೀಲ ಕೊಡವೇ ಹೋಗತಿದ್ವಿ" ಎಂದರು. ಮಾತಿನಲ್ಲಿ ಸಿಟ್ಟೇ ಇರಲಿಲ್ಲ. ಯಾರ ತೋಟದ ಗೇಟು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ತೋಟದ ಗೇಟಿನಲ್ಲಿ ಊರಿನ ಆಳುಗಳು ಚೀಲ ಬೀಸಿಕೊಂಡು ಹೋಗುತ್ತಾರೆ. ನೀನು ಕೊಡವಿಸುವುದು ಇವರ ಕಡೆಯಿಂದ ಬಂದವರದ್ದು ಮಾತ್ರ. ಈ ಕೊಯ್ಲಿನಿಂದ ಅದನ್ನು ನಿಲ್ಲಿಸು.

ನನ್ನ ಕೆಮ್ಮು ವಾಸಿಯಾಗಿದೆ. ಜೋಳದ ರೊಟ್ಟಿಯೂ ಹೊಟ್ಟೆಗೆ ಒಗ್ಗಿದೆ.

"ಇನ್ನು ನನಗೆ ಚೀಲ ತೋರಿಸಬೇಡಿ" ಎಂದು ನಿನ್ನೆಯೇ ಕಸ್ತೂರೆವ್ವನವರಿಗೆ ಕೈಮುಗಿದು ಹೇಳಿದ್ದೆ. ನನ್ನದೇನೋ ಕಳೆದಿದೆ, ಅದಕ್ಕೇ ಚೀಲದ ಮಾತು ತೆಗೆದೆ ಎಂದುಕೊಂಡರೋ ಏನೋ. ಇವತ್ತು ಚೀಲ ಕೊಡವಿದ ಮೇಲೆ, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನೂ ಬಿಚ್ಚಿ ಕೊಡವಿ ತೋರಿಸಿದರು.

ಕಾವೇರಿ