ನಾನೂರ ಹನ್ನೆರಡನೇ ಬಾಯಿ

ಸೋಮವಾರ, ಮಧ್ಯಾಹ್ನದ ಬಿಡುವಿನಲ್ಲಿ

ಅಮ್ಮಾ,

ಕಾಗದ ಅಂದಮೇಲೆ ‘ನಾನು ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ’ ಎಂದು ಶುರುಮಾಡಬೇಕು ಅಂತ ಚಿಕ್ಕವಳಿದ್ದಾಗ ನೀನೇ ಹೇಳಿಕೊಟ್ಟಿದ್ದೆ. ಹಾಗೆ ಬರೆಯಲಾರೆ. ನಾನು ಕ್ಷೇಮವಾಗಿಲ್ಲ. ನೀನೂ ಕ್ಷೇಮವಾಗಿಲ್ಲ ಅನ್ನುವುದು ಹೋದ ಬುಧವಾರ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನೀನು ‘ಹಲೋ’ ಅಂದ ಕೂಡಲೇ ನನಗೆ ಮೈಯೆಲ್ಲ ಉರಿಯುತ್ತದೆ, ಯಾಕೆಂದರೆ ಅದು ನನ್ನದೇ ದನಿ. ಫೋನಿನಲ್ಲಿ ಮಾತಾಡುತ್ತಿರುವುದು ನೀನೋ ನಾನೋ ಅಂತ ಅಪ್ಪನಿಗೆ ಇವತ್ತಿಗೂ ತಿಳಿಯುವುದಿಲ್ಲ. ಆ ದನಿಯನ್ನು ನೀನು ಎಂಥ ಕೆಲಸಕ್ಕೆ ಬಳಸಿಕೊಂಡೆ ಅನ್ನುವುದು ನೆನಪಾಗಿ ಫೋನ್ ಕೆಳಗಿಟ್ಟುಬಿಡುತ್ತೇನೆ.

ಇದನ್ನು ತಂದುಕೊಟ್ಟ ಹುಡುಗಿಯೇ ಬುಗುರಿ. ನಮ್ಮ ಹಲ್ಲು ಕಟ್ಟುವ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನವಳು, ನಿಂತಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಹನ್ನೊಂದು ದಿನದಿಂದ ನಾನಿರುವುದು ಅವಳ ರೂಮಿನಲ್ಲೇ. ಅವಳ ಪ್ಯಾಂಟಿನ ಕಾಲು ಎರಡು ಬೆರಳು ಮೋಟು ಮಾಡಿಕೊಡು. ಅವಳನ್ನು ಕೂರಿಸಿಕೊಂಡು ನನ್ನ ಬಗ್ಗೆ ಕೆದಕಬೇಡ, ಅವಳು ಏನೂ ಹೇಳುವುದಿಲ್ಲ. (ಹೇಳುತ್ತಾಳೆ. ಅದಕ್ಕೇ ಕೆದಕಬೇಡ ಅಂದದ್ದು.)

ಮೊದಲು ಜಗಳ ಮುಗಿಸಿಬಿಡುತ್ತೇನೆ. ಅವತ್ತು ನೀನು ಅರ್ಧ ಕೇಳಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಹೊಲಿಗೆ ಮೆಷಿನ್ ತುಳಿಯತೊಡಗಿದೆ. ದರ್ಜಿಯಾಗಿರುವುದರಲ್ಲಿ ನಿನಗೆ ಇದೊಂದು ಅನುಕೂಲ, ಉತ್ತರ ಕೊಡಲು ಇಷ್ಟವಿಲ್ಲದಾಗ ಮೆಷಿನ್ ಮಾತಾಡುತ್ತದೆ. ಕಾಗದದ ಮುಂದೆ ಅದು ನಡೆಯುವುದಿಲ್ಲ. ಪೂರ್ತಿ ಓದು.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ನನ್ನ ಬಸ್ಸು ಬಂತು, ಹತ್ತಲು ಆಗಲಿಲ್ಲ. ಕಾಲು ಏಳಲೊಲ್ಲದು, ಎದೆ ಹೊಡೆದುಕೊಳ್ಳುತ್ತಿದೆ, ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ. ಹಾಗೆ ಏಳು ಬಸ್ಸು ಬಿಟ್ಟೆ. ಎಂಟನೆಯದಕ್ಕೆ ಹೇಗೋ ಹತ್ತಿ ಲ್ಯಾಬಿಗೆ ಹೋದವಳು ಯಾರದೋ ಮುಂದಿನ ಹಲ್ಲಿನ ಕ್ಯಾಪನ್ನು ಕೈಜಾರಿಸಿ ಒಡೆದೆ. ಆ ವಾರ ಅಂಥವು ಮೂರು ಒಡೆದೆ. ಮನೆಗೆ ಬಂದು ನಿನಗೆ ಹೇಳಿದ್ದು ‘ಬಸ್ಸು ತಡ ಆಯ್ತು’ ಅಂತ ಮಾತ್ರ.

ದಿನಾ ಹೀಗೇ ಆಗತೊಡಗಿದ ಮೇಲೆ ಬುಗುರಿ ಒಬ್ಬ ಆಪ್ತಸಲಹೆಗಾರರ ನಂಬರು ಕೊಟ್ಟಳು. ಪ್ರತಿ ಗುರುವಾರ ನಾಲ್ಕು ಗಂಟೆಗೆ. ನಿನಗೆ ‘ಗುರುವಾರ ಓವರ್‌ಟೈಮ್’ ಅಂದೆ. ಸುಳ್ಳು, ತಪ್ಪು, ಒಪ್ಪಿಕೊಂಡೆ. ನಾಲ್ಕು ಗುರುವಾರ ಹೋದೆ. ಅಲ್ಲಿ ಯಾರೂ ಮಂತ್ರ ಹಾಕಲಿಲ್ಲ. ದಪ್ಪ ಕನ್ನಡಕದ ಆಕೆ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಎದೆ ಹೊಡೆದುಕೊಳ್ಳಲು ಶುರುವಾದಾಗ ಅದನ್ನು ಓಡಿಸಲು ಹೋಗದೆ ಹೇಗೆ ನಿಂತಿರಬೇಕು ಅಂತ ತೋರಿಸಿಕೊಟ್ಟರು. ನಾಲ್ಕನೇ ವಾರ ಮೊದಲು ಬಂದ ಬಸ್ಸನ್ನೇ ಹತ್ತಿದೆ. ಅದನ್ನು ನಿನಗೆ ಹೇಳಬೇಕು ಅಂತ ಎಷ್ಟು ಆಸೆಯಾಗಿತ್ತು ಗೊತ್ತಾ?

ಅಷ್ಟರಲ್ಲಿ ನೀನು ನನ್ನ ಊಟದ ಚೀಲ ಒಗೆಯಲು ಹೋಗಿ ಅಪಾಯಿಂಟ್‌ಮೆಂಟ್ ಚೀಟಿ ಹಿಡಿದೆ. “ನಮ್ಮನೇಲಿ ಯಾರಿಗೂ ಅಂಥದ್ದೇನೂ ಇಲ್ಲ. ಹೊಟ್ಟೆ ತುಂಬ ತಿನ್ನು, ಹೊತ್ತಿಗೆ ಸರಿಯಾಗಿ ಮಲಗು, ಎಲ್ಲ ಸರಿಹೋಗತ್ತೆ” ಅಂದೆ. ಐದನೇ ಗುರುವಾರ ಅಲ್ಲಿಗೆ ಹೋದರೆ ಹೊರಗಿನ ಮೇಜಿನ ಹುಡುಗಿ ನನ್ನ ಮುಖವನ್ನೇ ನೋಡುತ್ತ, “ನೀವೇ ಫೋನ್ ಮಾಡಿದ್ರಲ್ಲ, ಈಗ ಹುಷಾರಾಗಿದೀನಿ, ಇನ್ಮೇಲೆ ಬರಲ್ಲ ಅಂತ?” ಅಂದಳು. ನನ್ನ ಹೊತ್ತನ್ನು ಬೇರೆಯವರಿಗೆ ಕೊಟ್ಟಾಗಿತ್ತು. ನನ್ನ ಕಣ್ಣೆದುರೇ ಯಾರೋ ಒಬ್ಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನನ್ನ ದನಿಯಲ್ಲಿ ಮಾತಾಡಬಲ್ಲವರು ಈ ಭೂಮಿಯ ಮೇಲೆ ಇನ್ನೊಬ್ಬರೇ ಇರುವುದು. ಅದನ್ನು ಆ ಹುಡುಗಿಗೆ ಹೇಳಬಹುದಿತ್ತು. ಹೇಳಲಿಲ್ಲ. “ಹೌದೌದು, ನಾನೇ ಮಾಡಿದ್ದು, ಮರೆತೇಹೋಗಿತ್ತು” ಅಂದು ಹಲ್ಲುಕಿರಿದು ಮೆಟ್ಟಿಲಿಳಿದೆ. ನಿನ್ನ ಮಾನ ಉಳಿಸಿದೆ, ನನ್ನ ಗುರುವಾರ ಕಳೆದುಕೊಂಡೆ. ನಿನ್ನ ಮೇಲಿರುವಷ್ಟೇ ಸಿಟ್ಟು ಇದಕ್ಕಾಗಿ ನನ್ನ ಮೇಲೂ ಇದೆ. ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಮನೆಗೆ ಬಂದು ನಿನ್ನ ಮೇಲೆ ಸುರಿದರೆ ನೀನು, “ಈಗಿನವರಿಗೆ ಕೂತ್ರೆ ಟೆನ್ಷನ್, ನಿಂತ್ರೆ ಟೆನ್ಷನ್. ನಾವೆಲ್ಲ ಬದುಕಲಿಲ್ವಾ?” ಅಂದು ಮೆಷಿನ್ ತುಳಿದೆ. ನಾನು ನಾಲ್ಕು ಬಟ್ಟೆ ತುರುಕಿಕೊಂಡು ಹೊರಟೆ. ಇಲ್ಲಿಗೆ ಜಗಳ ಮುಗಿಯಿತು, ಅಂದರೆ ಬರೆದು ಮುಗಿಯಿತು.

ಈಗ ಬುಧವಾರದ ವಿಷಯ. ನಮ್ಮ ಲ್ಯಾಬಿಗೆ ಬಾಯಿಗಳು ಬರುವುದು ನಂಬರಿನ ಮೇಲೆ. ದಂತವೈದ್ಯರು ತೆಗೆದು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ದರೆ ಮೇಲಿನ ಸಾಲು, ಕೆಳಗಿನ ಸಾಲು ತಯಾರು. ಜೊತೆಗಿರುವ ಚೀಟಿಯಲ್ಲಿ ಹೆಸರಿರುವುದಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಏನು ಮಾಡಿಕೊಡಬೇಕು, ಅಷ್ಟೇ. ಟೀ ಹೊತ್ತಿನಲ್ಲಿ ನಮ್ಮದೊಂದು ಆಟವಿದೆ. ಟ್ರೇಯಿಂದ ಒಂದು ಬಾಯಿ ಎತ್ತಿಕೊಂಡು ಅದರ ಒಡೆಯರು ಎಂಥವರು ಅಂತ ವರ್ಣಿಸಬೇಕು. ಅದರಲ್ಲಿ ನಾನು ಎತ್ತಿದ ಕೈ. ಬುಧವಾರ ನನ್ನ ಪಾಲಿಗೆ ಬಂದದ್ದು ನಾನೂರ ಹನ್ನೆರಡು. ಹೆಂಗಸು, ಐವತ್ತೊಂದು ವರ್ಷ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳಲು ಒಂದು ಗಾರ್ಡ್, ಅಂದರೆ ಪ್ಲಾಸ್ಟಿಕ್ ಕವಚ, ಬೇಕು. ದವಡೆ ಹಲ್ಲುಗಳು ತುಳಿದು ತುಳಿದು ಸವೆದ ಮೆಟ್ಟಿಲುಗಳ ಹಾಗೆ ಚಪ್ಪಟೆಯಾಗಿದ್ದವು.

ನಾನು ಏನಂದೆ ಅಂತ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. “ಈಯಮ್ಮ ಹಗಲೆಲ್ಲ ಮನೆಯವರ ತಲೆ ತಿಂತಾಳೆ. ಅವರು ಮಲಗಿದ ಮೇಲೆ ತಿನ್ನೋಕೆ ಏನೂ ಸಿಗದೆ ತನ್ನ ಹಲ್ಲನ್ನೇ ಕಡೀತಾಳೆ. ಗಂಡ ಪಾಪ, ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಾನೆ” ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬುಗುರಿ ಟೀ ಚೆಲ್ಲಿಕೊಂಡಳು.

ಆಮೇಲೆ ಅಂಚು ನಯ ಮಾಡಲು ಕೂತೆ. ಮೇಲಿನ ಸಾಲಿನ ಮುಂದಿನ ಎಡ ಹಲ್ಲಿಗೆ ಬಂದಾಗ ಹೆಬ್ಬೆರಳು ತಡೆಯಿತು. ಮೂಲೆಯಲ್ಲಿ ಓರೆಯಾಗಿ ಒಂದು ಚೂರು ಇಲ್ಲ.

ನಿನಗೆ ನೆನಪಿದೆ, ಇಲ್ಲವೆನ್ನಬೇಡ. ನನಗಾಗ ಎಂಟು ವರ್ಷ. ಹೊಸ ಅಂಗಿ ಬಿಗಿಯಾಯಿತು ಎಂದು ರಂಪ ಮಾಡಿ, ಅಳತೆ ತೆಗೆಯಲು ಬಗ್ಗಿದ್ದ ನಿನ್ನ ಬಾಯಿಗೆ ಕೆಳಗಿನಿಂದ ನೆಗೆದು ತಲೆಯಲ್ಲಿ ಗುದ್ದಿದೆ. ನಿನ್ನ ಹಲ್ಲಿನ ಮೂಲೆ ಹಾರಿತು, ನನ್ನ ಹಣೆ ಸೀಳಿತು. ನಿನ್ನ ಬಾಯಲ್ಲಿ ರಕ್ತ, ನೀನು ನನ್ನ ಹಣೆ ಒತ್ತಿಹಿಡಿದುಕೊಂಡಿದ್ದೆ. ಅಪ್ಪನಿಗೆ, ಅಕ್ಕಪಕ್ಕದವರಿಗೆ, ಗಿರಾಕಿಗಳಿಗೆ ಹೇಳಿದ್ದು ಮಾತ್ರ “ನೂಲು ಕಚ್ಚಿ ಕಚ್ಚಿ ಚೂರು ಹೋಯ್ತು” ಅಂತ. ಹದಿನೈದು ವರ್ಷದಿಂದ ಅದನ್ನೇ ಹೇಳುತ್ತಿದ್ದೀಯ. ನನ್ನ ಹೆಸರು ಒಮ್ಮೆಯೂ ಎತ್ತಿಲ್ಲ.

ಕೈತೊಳೆಯುವ ಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಆ ಪ್ಲಾಸ್ಟರ್ ಹಲ್ಲನ್ನು ಹಣೆಯ ಗಾಯದ ಗುರುತಿನ ಮೇಲಿಟ್ಟೆ. ಸರಿಯಾಗಿ ಕೂತಿತು.

ಚೀಟಿಯನ್ನು ಮತ್ತೆ ಓದಿದೆ. ಕೆಳಗೆ ಡಾಕ್ಟರು ಕೋಳಿಕಾಲಿನ ಅಕ್ಷರದಲ್ಲಿ ಗೀಚಿದ್ದನ್ನು ಮೊದಲು ನೋಡಿರಲಿಲ್ಲ. ‘ಎಂಟು ತಿಂಗಳ ಹಿಂದೆಯೇ ಸೂಚಿಸಲಾಗಿತ್ತು. ಮಾನಸಿಕ ಒತ್ತಡ. ಈಗ ಒಪ್ಪಿದ್ದಾರೆ.’ ಎಂಟು ತಿಂಗಳು, ಅಮ್ಮಾ! ನಮ್ಮನೇಲಿ ಯಾರಿಗೂ ಅಂಥದ್ದೇನೂ ಇಲ್ಲ ಅಂತ ನನಗೆ ಹೇಳುವಾಗ ನಿನಗೆ ಎಲ್ಲ ಗೊತ್ತಿತ್ತು. ದಿನಾ ಬೆಳಿಗ್ಗೆ ಕೆನ್ನೆ ಒತ್ತಿಕೊಂಡು ಎದ್ದು ‘ಥಂಡಿ’ ಅನ್ನುತ್ತಿದ್ದೆಯಲ್ಲ. ನನಗೆ ನಿನ್ನ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ನೀನು ಒಂದು ಸಲ, ಒಂದೇ ಒಂದು ಸಲ, ‘ನಂಗೂ ಆಗ್ತಿಲ್ಲ ಕಣೇ’ ಅಂದಿದ್ದರೆ ನಾನು ಬಸ್ ಸ್ಟಾಪಿನಲ್ಲಿ ನಿಂತು ನನಗೊಬ್ಬಳಿಗೇ ಹುಚ್ಚು ಹಿಡಿಯುತ್ತಿದೆ ಅಂದುಕೊಳ್ಳುತ್ತಿರಲಿಲ್ಲ.

ಆ ಕೋಣೆಯಿಂದ ಹೊರಗೆ ಬಂದಾಗ ನನ್ನ ಮುಖ ಹೇಗಿತ್ತೋ, ಮೇಸ್ತ್ರಿ ನನ್ನ ಮೇಜಿನ ಹತ್ತಿರ ಬಂದರು. ಅವರು ನಮ್ಮ ಲ್ಯಾಬಿನ ಹಿರಿಯರು, ಅರವತ್ತು ದಾಟಿದೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಾನು ಕೆಲಸದ ನಡುವೆ ದವಡೆ ಹಿಡಿದುಕೊಳ್ಳುವುದನ್ನು ಗಮನಿಸಿ ಅವತ್ತು ಬೆಳಿಗ್ಗೆ ತಾನೇ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನನ್ನ ಬಾಯಿಯ ಅಚ್ಚೂ ತೆಗೆದಿದ್ದರು. ಅದು ನಾನೂರ ಹದಿಮೂರು. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು, ಕನ್ನಡಕ ಮೇಲೇರಿಸಿ ನೋಡಿ, “ಎರಡೂ ಒಂದೇ ಥರ ಸವೆದಿದೆ. ಒಂದೇ ಮನೇದಾ?” ಅಂದರು. ನಾನು ತಲೆಯಾಡಿಸಿದೆ. ಅವರು ನಾನೂರ ಹನ್ನೆರಡನ್ನು ನನ್ನ ಮೇಜಿನಿಂದ ಎತ್ತಿಕೊಂಡರು. “ಮನೆಯವರ ಬಾಯಿಗೆ ಮನೆಯವರು ಕೈ ಹಾಕಬಾರದು. ಕೈ ಸೋಲತ್ತೆ” ಅಂದರು.

ಇದು ನಮ್ಮ ಲ್ಯಾಬಿನ ಹಳೆಯ ಕಟ್ಟಳೆ. ಮೇಸ್ತ್ರಿ ತಮ್ಮ ಹೆಂಡತಿಯ ಹಲ್ಲಿನ ಸೆಟ್ಟನ್ನು ತಾವೇ ಮಾಡಿದ್ದರಂತೆ. ಅವಳಿಗೆ ಒಂಚೂರೂ ಒತ್ತಬಾರದು ಅಂತ ಪ್ರೀತಿಯಿಂದ ಉಜ್ಜಿದರು, ಇನ್ನೂ ಉಜ್ಜಿದರು. ಕೊನೆಗೆ ಅದು ಬಾಯಲ್ಲಿ ನಿಲ್ಲಲೇ ಇಲ್ಲ, ಬೇರೆ ಲ್ಯಾಬಿನವರ ಹತ್ತಿರ ಹೊಸದಾಗಿ ಮಾಡಿಸಬೇಕಾಯಿತು. ಆದ್ದರಿಂದ ನಿನ್ನ ಗಾರ್ಡನ್ನು ಮೇಸ್ತ್ರಿ ಮಾಡುತ್ತಿದ್ದಾರೆ, ನನ್ನದನ್ನು ಬುಗುರಿ.

ನಾನು ಹೇಳಬೇಕಾಗಿರುವುದು ಇಷ್ಟೇ, ಅಮ್ಮಾ. ನೀನು ಕೆಟ್ಟವಳು ಅಂತಲ್ಲ. ನನ್ನ ಕೆಲಸ ನಿನ್ನ ಕೈಯಲ್ಲಿ ಆಗುವುದಿಲ್ಲ. ನಾನು ನಾಳೆ ಬೆಳಗಾಗುವುದರೊಳಗೆ ನಗುನಗುತ್ತ ಇರಬೇಕು ನಿನಗೆ, ಅದಕ್ಕೇ ಉಜ್ಜುತ್ತೀಯ. ನನಗೆ ಅವಸರವಿಲ್ಲದ ಹೊರಗಿನವರ ಕೈ ಬೇಕು. ನಿನ್ನ ಕೆಲಸವೂ ನನ್ನಿಂದ ಆಗುವುದಲ್ಲ, ನಾನು ಬರೀ ಬೈಯುತ್ತೇನೆ. ಈ ಕಾಗದವೇ ಸಾಕ್ಷಿ.

ಶುಕ್ರವಾರ ಆ ಆಪ್ತಸಲಹೆಗಾರರಲ್ಲಿಗೆ ಫೋನ್ ಮಾಡಿದೆ. ಮೂರು ಮಾತನ್ನು ಚೀಟಿಯ ಹಿಂದೆ ಬರೆದಿಟ್ಟುಕೊಂಡೇ ಮಾಡಿದೆ. “ಅವತ್ತು ಫೋನ್ ಮಾಡಿದ್ದು ನಾನಲ್ಲ, ನಮ್ಮಮ್ಮ. ನಾನು ಹುಷಾರಾಗಿಲ್ಲ. ನಂಗೆ ಬರಬೇಕು.” ಆ ಹುಡುಗಿ ಏನೂ ಕೇಳದೆ ಈ ಗುರುವಾರ ನಾಲ್ಕು ಗಂಟೆಗೆ ಹೊತ್ತು ಕೊಟ್ಟಳು. ಇಷ್ಟು ಸುಲಭದ ಮಾತಿಗೆ ಇಷ್ಟೊಂದು ಹೆದರಿದ್ದೆನಲ್ಲ ಅಂತ ಮತ್ತೆ ಸಿಟ್ಟು ಬಂತು. ನೀನು ಒಪ್ಪಿದರೂ ಹೋಗುತ್ತೇನೆ, ಒಪ್ಪದಿದ್ದರೂ ಹೋಗುತ್ತೇನೆ. ಮನೆಗೆ ಯಾವಾಗ ಬರುತ್ತೇನೆ ಅಂತ ಮಾತ್ರ ಈಗ ಕೇಳಬೇಡ.

ನಿನ್ನ ಗಾರ್ಡ್ ನಾಡಿದ್ದು ಬುಧವಾರ ಡಾಕ್ಟರ ಹತ್ತಿರ ಸಿಗುತ್ತದೆ. ಮೊದಲು ಒಂದು ವಾರ ಜೊಲ್ಲು ಸುರಿಯುತ್ತದೆ, ಬಾಯಲ್ಲಿ ಬೇರೆಯವರ ಸಾಮಾನು ಇಟ್ಟುಕೊಂಡ ಹಾಗೆ ಅನ್ನಿಸುತ್ತದೆ. ಬಟ್ಟೆಚೂರಿನಲ್ಲಿ ಸುತ್ತಿ ಮೆಷಿನ್ನಿನ ಡ್ರಾಯರಿಗೆ ಹಾಕಬೇಡ. ಅಪ್ಪ ಕೇಳಿದರೆ ನೂಲಿನ ಕಥೆ ಹೇಳಬೇಡ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿನ್ನ ಇಲಿಮರಿ

ತಾ.ಕ.: ಶುಕ್ರವಾರ ನಾನು ಮಾಡಿದ್ದು ಒಂದಲ್ಲ, ಎರಡು ಫೋನ್. ಎರಡನೆಯದನ್ನು ನಿನ್ನ ಹೆಸರು ಹೇಳಿ, ನಿನ್ನ ಹಾಗೆ ಮಾತಾಡಿ ಮಾಡಿದೆ. ಆ ಹುಡುಗಿಗೆ ಒಂಚೂರೂ ಅನುಮಾನ ಬರಲಿಲ್ಲ. ಗುರುವಾರ ಐದು ಗಂಟೆ, ನನ್ನ ನಂತರದ ಹೊತ್ತು, ನಿನ್ನ ಹೆಸರಿಗಿದೆ. ನೀನು ಮಾಡಿದ್ದು ತಪ್ಪಾದರೆ ಇದೂ ತಪ್ಪೇ, ಗೊತ್ತು. ಬೇಡವಾದರೆ ಫೋನ್ ಮಾಡಿ ಬಿಡಿಸಿಕೋ. ‘ಹುಷಾರಾಗಿದೀನಿ, ಬರಲ್ಲ’ ಎಂದರೆ ಸಾಕು, ಅದು ನಿನಗೆ ಅಭ್ಯಾಸವಿದೆ. ಆದರೆ ಈ ಸಲ ಅದನ್ನು ನಿನ್ನ ಬಗ್ಗೆ ಹೇಳಬೇಕು. ಹೇಳಲು ಬಾಯಿ ಬರದಿದ್ದರೆ ಬಂದುಬಿಡು. ನಾನು ಐದಕ್ಕೆ ಹೊರಗೆ ಬರುತ್ತೇನೆ. ನೀನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದರೂ ಮಾತಾಡಿಸುವುದಿಲ್ಲ. ನೀನು ಒಳಗೆ ಹೋಗಿ ಬರುವ ತನಕ ಅಲ್ಲೇ ಕೂತಿರುತ್ತೇನೆ.